ಗರ್ಭಧಾರಣೆಗೆ ಮುನ್ನ: ಯಾವ ರಾಸಾಯನಿಕವನ್ನು ಎಷ್ಟು ಮೊದಲು ದೂರವಿಡಬೇಕು

ಮಗು ಬೇಕೆಂದು ತೀರ್ಮಾನಿಸಿದ ಮೇಲೆ ಬಹಳ ಮಂದಿ ಮೊದಲು ಮಾಡುವ ಕೆಲಸ ಪ್ಲಾಸ್ಟಿಕ್ ಡಬ್ಬಿ ಎಸೆಯುವುದು. ತಪ್ಪಲ್ಲ, ಆದರೆ ಅದಕ್ಕೆ ಅವಸರವಿಲ್ಲ. ಮೊದಲು ಹಿಡಿಯಬೇಕಾದವು ಸೀಸ, ಪಾದರಸ ಮತ್ತು ಕೆಲಸದ ಜಾಗದ ದ್ರಾವಕಗಳು (ಬಣ್ಣ, ಅಂಟು, ಜಿಡ್ಡು ಕರಗಿಸುವ, ಆವಿಯಾಗುವ ದ್ರವಗಳು). ಯಾವುದು ಮೈಯಲ್ಲಿ ಎಷ್ಟು ಕಾಲ ಉಳಿಯುತ್ತದೆ, ಯಾವುದು ಬಸಿರಿನ ಮೊದಲ ವಾರಗಳಲ್ಲೇ ಅಪಾಯ ತರುತ್ತದೆ ಎಂಬುದರ ಮೇಲೆ ಈ ಸರದಿ ನಿಂತಿದೆ.

ಪ್ಲಾಸ್ಟಿಕ್ಕಿನಲ್ಲಿ ಬಳಸುವ ರಾಸಾಯನಿಕಗಳಾದ ಬಿಪಿಎ, ಥ್ಯಾಲೇಟ್‌ಗಳು ಒಂದೆರಡು ದಿನದಲ್ಲಿ ಮೂತ್ರದ ಜೊತೆ ಹೋಗುತ್ತವೆ. ಮೀನಿನಿಂದ ಬಂದ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ಆರು ತಿಂಗಳು ಬಿಟ್ಟರೆ ಹನ್ನೆರಡರಲ್ಲಿ ಒಂದು ಪಾಲು ಉಳಿದೀತು. ಜಲನಿರೋಧಕ ಬಟ್ಟೆಗಳಲ್ಲೂ ಕೆಲವು ನಾನ್‌ಸ್ಟಿಕ್ ಲೇಪನಗಳಲ್ಲೂ ಬಳಕೆಯಾದ ಪಿಎಫ್‌ಎಎಸ್‌ಗಳಲ್ಲಿ ಹಲವು ವರ್ಷಗಟ್ಟಲೆ ಹೋಗುವುದಿಲ್ಲ. ಹೆಣ್ಣಿನ ಅಂಡಾಣು ಹಣ್ಣಾಗುವ ಕೊನೆಯ ಹಂತಕ್ಕೆ ಸರಿಸುಮಾರು ಮೂರು ತಿಂಗಳು ಹಿಡಿಯುವುದರಿಂದ, ತಯಾರಿಗೆ ಕನಿಷ್ಠ ಅಷ್ಟು ಸಮಯವಾದರೂ ಇಟ್ಟುಕೊಳ್ಳಿ.

ಸೀಸ

ಇದಕ್ಕೆ ಹೆಚ್ಚು ಗಮನ ಕೊಡಿ. ರಕ್ತದಲ್ಲಿನ ಸೀಸ ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿದರೂ ಮೂಳೆಗೆ ಸೇರಿದ್ದು ಹತ್ತಾರು ವರ್ಷ ಅಲ್ಲೇ ಕೂತಿರುತ್ತದೆ. ಬಸಿರಿನಲ್ಲಿ ಮಗುವಿನ ಎಲುಬಿಗೆಂದು ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಕರಗುವಾಗ ಸೀಸವೂ ಜೊತೆಗೆ ಹೊರಬರುತ್ತದೆ, ಮಾಸು ಅದನ್ನು ತಡೆಯುವುದಿಲ್ಲ. ರಕ್ತದೊತ್ತಡ, ಗರ್ಭಪಾತ, ಕಡಿಮೆ ತೂಕದ ಮಗು, ಮಗುವಿನ ಮಿದುಳಿನ ಬೆಳವಣಿಗೆಗೆ ಪೆಟ್ಟು, ಇವೆಲ್ಲಕ್ಕೂ ಸೀಸದ ನಂಟಿದೆ.

ಬ್ಯಾಟರಿ, ಬೆಸುಗೆ, ಗುಜರಿ ಲೋಹ, ಹಳೆ ಪೇಂಟ್ ಕೆರೆಯುವ ಕೆಲಸದಲ್ಲಿ ನೀವಿದ್ದರೂ ಮನೆಯವರಿದ್ದರೂ ರಕ್ತದ ಸೀಸ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ಧೂಳು ಸೇರಿ ಲೆಕ್ಕ ಏರಬಹುದು. ಆದ್ದರಿಂದ ರಕ್ತನಾಳದಿಂದ ತೆಗೆದ ಮಾದರಿಯನ್ನೇ ನಂಬಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ನಿಲ್ಲಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಇಂಥ ಕೆಲಸದಲ್ಲಿರುವವರು ಬಟ್ಟೆ, ಚಪ್ಪಲಿ ಕೆಲಸದ ಜಾಗದಲ್ಲೇ ಬದಲಿಸಿ ಬರಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಹಳೆ ಬಣ್ಣವನ್ನು ಒಣದಾಗಿ ಉಜ್ಜಬಾರದು, ಬಿಸಿಗಾಳಿಯಿಂದ ಸುಡಲೂಬಾರದು. ಆ ಕೆಲಸ ನಡೆಯುವಾಗ ಬಸುರಿ ಮನೆಯಲ್ಲೇ ಇರದಿರುವುದು ಒಳ್ಳೆಯದು.

ಹಳೆ ಪೈಪಿನ ನೀರನ್ನು ಕುದಿಸಿದರೆ ಸೀಸ ಹೋಗುತ್ತದೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಸೀಸದ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ರಾತ್ರಿಯಿಡೀ ನಿಂತ ನೀರನ್ನು ಬೆಳಿಗ್ಗೆ ಹರಿಯಬಿಟ್ಟು, ಕುಡಿಯಲೂ ಅಡುಗೆಗೂ ತಣ್ಣೀರಿನ ನಲ್ಲಿಯನ್ನೇ ಬಳಸಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಕೊರತೆ ಇದ್ದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ, ಆದ್ದರಿಂದ ರಕ್ತಹೀನತೆಗೆ ಮೊದಲೇ ಚಿಕಿತ್ಸೆ ಪಡೆಯಿರಿ. ‘ಡಿಟಾಕ್ಸ್’ ಪುಡಿಗಳ ಹತ್ತಿರವೂ ಹೋಗಬೇಡಿ. ಸೀಸ ಇಳಿಸುವ ಔಷಧ ತಜ್ಞ ವೈದ್ಯರ ಕೈಯಲ್ಲಿ ಮಾತ್ರ ಇರಬೇಕು.

ಪಾದರಸ

ಚರ್ಮ ಬೆಳ್ಳಗಾಗಿಸುವ ಕ್ರೀಮಿನ ಚೀಟಿ ಓದಿ. ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಮರ್ಕ್ಯುರಿಕ್ ಅಯೋಡೈಡ್ ಎಂದಿದ್ದರೆ ಅದು ಪಾದರಸ. ಬೆಳ್ಳಿ, ಬಂಗಾರ, ಅಲ್ಯೂಮಿನಿಯಂಗೆ ತಾಗಿಸಬೇಡಿ ಎಂಬ ಎಚ್ಚರಿಕೆಯೂ ಸುಳಿವೇ. ಒಬ್ಬರು ಹಚ್ಚಿದರೂ ಟವೆಲ್, ದಿಂಬಿನ ಮೂಲಕ ಮನೆಮಂದಿಗೆಲ್ಲ ತಾಗುತ್ತದೆ. ಮೀನು ಪೂರ್ತಿ ಬಿಡುವುದು ಬೇಡ. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಗಾರ ಮೀನು ಬಿಟ್ಟು ಸಣ್ಣ ಮೀನನ್ನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಬಹುದು.

ದ್ರಾವಕಗಳು

ಡ್ರೈ ಕ್ಲೀನಿಂಗ್, ಪೇಂಟ್, ಪ್ರಿಂಟಿಂಗ್, ಉಗುರು ಅಲಂಕಾರ, ಪ್ರಯೋಗಾಲಯದ ಕೆಲಸಗಾರರು ಗರ್ಭ ನಿಂತ ಮೇಲಲ್ಲ, ಮೊದಲೇ ಮೇಲಧಿಕಾರಿಗಳ ಹತ್ತಿರ ಮಾತಾಡಬೇಕು. ಭ್ರೂಣದ ಅಂಗಗಳು ರೂಪುಗೊಳ್ಳುವುದು ಗರ್ಭಧಾರಣೆಯ ನಂತರದ 3ರಿಂದ 8ನೇ ವಾರದೊಳಗೆ. ಪರೀಕ್ಷೆ ಮಾಡಿ ಖಚಿತವಾಗುವಷ್ಟರಲ್ಲಿ ಆ ಕಾಲ ಶುರುವಾಗಿಬಿಟ್ಟಿರುತ್ತದೆ. ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮುಖಕವಚ ಬೇಕು, ಇಲ್ಲವೇ ಆವಿಯನ್ನು ಹುಟ್ಟಿದಲ್ಲೇ ಹೊರಗೆಳೆಯುವ ಫ್ಯಾನ್ ಬೇಕು. ತೆಳು ನೈಟ್ರೈಲ್ ಕೈಗವಸಿನ ಮೂಲಕ ಅಸಿಟೋನ್ (ಉಗುರುಬಣ್ಣ ತೆಗೆಯುವ ದ್ರಾವಕ) ನಿಮಿಷಗಳಲ್ಲಿ ದಾಟುತ್ತದೆ, ಅದಕ್ಕೆ ಬ್ಯೂಟೈಲ್ ರಬ್ಬರ್ ಸರಿ. ವಾಸನೆ ಬರುತ್ತಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ, ಮೂಗು ಬೇಗ ಒಗ್ಗಿಕೊಳ್ಳುತ್ತದೆ.

ಪ್ಲಾಸ್ಟಿಕ್, ಪರಿಮಳ, ಧೂಳು

ಬಿಪಿಎ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ವೇಷ ಹಾಕಿ, ಜೀವಕೋಶಗಳಲ್ಲಿ ಆ ಹಾರ್ಮೋನು ಕೂರುವ ಜಾಗಗಳಿಗೆ (ಗ್ರಾಹಕಗಳಿಗೆ) ಅಂಟಿಕೊಳ್ಳುತ್ತದೆ. ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ), ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಜೊತೆ ಇಂಥ ರಾಸಾಯನಿಕಗಳ ಸಂಬಂಧ ಕಂಡಿದ್ದರೂ ಅವೇ ಕಾರಣ ಎಂದು ಸಾಬೀತಾಗಿಲ್ಲ. ಆದರೆ ಹಾರ್ಮೋನಿನಂಥ ವಸ್ತು ಗರ್ಭದಲ್ಲಿ ಏನು ಮಾಡಬಲ್ಲದೆಂಬುದಕ್ಕೆ ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್ ಔಷಧ ಸಾಕ್ಷಿ: ತಾಯಂದಿರು ನುಂಗಿದ್ದರ ಫಲವಾಗಿ ಹೆಣ್ಣುಮಕ್ಕಳಲ್ಲಿ ಹರೆಯದಲ್ಲೇ ಯೋನಿಯ ಅಪರೂಪದ ಕ್ಯಾನ್ಸರ್ ಕಂಡದ್ದು 1971ರಲ್ಲಿ ಬೆಳಕಿಗೆ ಬಂತು.

ಪ್ಲಾಸ್ಟಿಕ್ಕಿನಿಂದ ಇವು ಹೊರಬರಲು ಬಿಸಿ, ಕೊಬ್ಬು, ಹುಳಿ, ಗೀರು ನಾಲ್ಕೂ ನೆರವಾಗುತ್ತವೆ. ಬಿಸಿ ಊಟಕ್ಕೆ ಗಾಜು, ಸ್ಟೀಲು ಇರಲಿ. ಒಣ ಕಾಳಿಗೆ ಹಳೆ ಡಬ್ಬಿ ನಡೆಯುತ್ತದೆ. ‘ಬಿಪಿಎ ಇಲ್ಲ’ ಎಂಬ ಚೀಟಿ ನೋಡಿ ಹಿಗ್ಗಬೇಡಿ, ಒಳಗೆ ಅದರ ತಮ್ಮ ಬಿಪಿಎಸ್ ಇರಬಹುದು. ಸ್ಯಾನಿಟೈಸರ್ ಅಥವಾ ಕ್ರೀಮ್ ಹಚ್ಚಿದ ಕೈಯಲ್ಲಿ ಅಂಗಡಿಯ ಥರ್ಮಲ್ ಕಾಗದದ ರಸೀದಿ ಹಿಡಿದರೆ ಅದರ ಲೇಪನದಲ್ಲಿರುವ ಬಿಪಿಎ ಚರ್ಮದೊಳಗೆ ಹೆಚ್ಚು ಇಳಿಯುತ್ತದೆ. ಸೋಪು, ಲೋಷನ್‌ನಲ್ಲಿ ‘ಫ್ರಾಗ್ರೆನ್ಸ್’, ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಥ್ಯಾಲೇಟ್ ಅಡಗಿರಬಹುದು. ಮನೆಯ ಧೂಳಿನಲ್ಲೂ ಇವು ಸೇರಿರುವುದರಿಂದ ನೆಲಕ್ಕೆ ಒಣ ಪೊರಕೆಯ ಬದಲು ಒದ್ದೆ ಬಟ್ಟೆ ಹಾಕಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಹಣ್ಣಿನ ಸಿಪ್ಪೆಯ ಮೇಲಿನ ಕೀಟನಾಶಕಕ್ಕೆ 1 ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ ಕದಡಿ 12ರಿಂದ 15 ನಿಮಿಷ ನೆನೆಸಿ, ತೊಳೆಯಿರಿ. ತಿರುಳಿಗೆ ಇಳಿದದ್ದು ಇದರಿಂದ ಹೋಗದು.

ಮೂತ್ರದಲ್ಲಿ ಬಿಪಿಎ ಅಳೆಸುವ ಪರೀಕ್ಷೆಗೆ ದುಡ್ಡು ಹಾಕಬೇಡಿ, ಅದು ನಿನ್ನೆ ಮೊನ್ನೆಯ ಊಟದ ಸುದ್ದಿಯನ್ನಷ್ಟೇ ಹೇಳುತ್ತದೆ. ಹೆರಿಗೆಯ ನಂತರ ಎದೆಹಾಲಿನಲ್ಲಿ ರಾಸಾಯನಿಕ ಇದ್ದೀತೆಂಬ ಹೆದರಿಕೆಯಿಂದ ಹಾಲು ನಿಲ್ಲಿಸಬೇಡಿ. ರಕ್ತದ ಸೀಸ ತೀರಾ ಹೆಚ್ಚಿದ್ದರೆ ಮಾತ್ರ ವೈದ್ಯರನ್ನು ಕೇಳಿ ಮುಂದುವರಿಯಿರಿ.