ಮಹಾಗನಿ ಗಿಟಾರ್: ಖರ್ಚು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಪೂರ್ತಿ ಮಹಾಗನಿಯ ಅಕೂಸ್ಟಿಕ್ ಗಿಟಾರನ್ನು ಕಡಿಮೆ ಖರ್ಚಿನಲ್ಲಿ ಕಟ್ಟಬಯಸುವವರು, ಅಮೆರಿಕದ ಮಾರ್ಟಿನ್ ಕಂಪನಿ 1922ರಲ್ಲಿ ಉಕ್ಕಿನ ತಂತಿಗಳಿಗಾಗಿ ರೂಪಿಸಿದ 2-17 ಮಾದರಿಯನ್ನು ಮೊದಲು ಗಮನಿಸಬೇಕು. ಅಲ್ಲಿನ ಮಿತವ್ಯಯ ಅಲಂಕಾರದಲ್ಲಿತ್ತೇ ಹೊರತು ಮರದಲ್ಲಿರಲಿಲ್ಲ. ಆದ್ದರಿಂದ ಚಿಪ್ಪಿನ ಕೆತ್ತನೆಯನ್ನೂ ದಪ್ಪ ಮೆರುಗನ್ನೂ ಕೈಬಿಡಿ (ಮರದ ರಂಧ್ರ ತುಂಬುವ ಕೆಲಸವನ್ನೂ ನಾನಂತೂ ಬಿಟ್ಟುಬಿಡುತ್ತೇನೆ). ಪ್ಲೈವುಡ್‌ಗೆ ಮಾತ್ರ ಇಳಿಯಬೇಡಿ.

ಮೇಲ್ಹಲಗೆಗೆ ನೇರ ಎಳೆಯ, ಚೆನ್ನಾಗಿ ಒಣಗಿದ ಮರವನ್ನು ಆರಿಸಿ, ಸುಮಾರು 2.8 ಮಿಲಿಮೀಟರಿಗೆ ತೆಳುವಾಗಿಸಿ, ಬೆರಳಿನಿಂದ ತಟ್ಟಿ ನಾದ ಕೇಳುತ್ತ ಅಂಚುಗಳನ್ನು ಇನ್ನಷ್ಟು ಹೆರೆಯಬೇಕು. ಮೇಲ್ಹಲಗೆಗೆ ಸಾಮಾನ್ಯವಾಗಿ ಬಳಸುವ ಹಗುರ ಮರವಾದ ಸ್ಪ್ರೂಸ್‌ಗಿಂತ ಮಹಾಗನಿ ಭಾರ, ತೂಕಕ್ಕೆ ತಕ್ಕ ಬಿಗುವು ಅದಕ್ಕೆ ಕಡಿಮೆ. ಹಾಗಾಗಿ ಒಳಗಿನ ಎಕ್ಸ್ ಆಕಾರದ ಆಧಾರಪಟ್ಟಿಗಳನ್ನು ಸ್ಪ್ರೂಸ್‌ನಲ್ಲೇ ಮಾಡಿ ತುದಿಗಳನ್ನು ತೆಳುಗೊಳಿಸುವುದು ಲೇಸು. ಪಕ್ಕದ ಪಟ್ಟಿಗಳಿಗೆ 2 ಮಿಲಿಮೀಟರ್ ಸಾಕು. ಅಂಟಿಸುವ ದಿನ ಕೋಣೆಯ ತೇವಾಂಶ ಶೇಕಡ 45ರ ಆಸುಪಾಸಿನಲ್ಲಿರಲಿ. ಮಳೆಗಾಲದ ತೇವದಲ್ಲಿ ಅಂಟಿಸಿದ ಹಲಗೆ ಬೇಸಿಗೆಯಲ್ಲಿ ಸೀಳಬಹುದು.