ಬೀದರಿಗೆ ಹೋಗಿ ಬ್ಯಾಸ್ಕೆಟ್‌ಬಾಲ್ ನೋಡಿ ಬಂದದ್ದು

ಅಂತರ ಕಾಲೇಜು ಟೂರ್ನಮೆಂಟ್ ನೋಡಲು ಪರ ಊರಿಗೆ ಹೊರಟವರು ಪಂದ್ಯ ಎಷ್ಟು ಗಂಟೆಗೆ ಅಂತ ಕೇಳುವ ಮೊದಲು ಅದು ನಾಕೌಟೋ ಲೀಗೋ ಅಂತ ಕೇಳಿಕೊಳ್ಳಬೇಕು. ನಾಕೌಟ್ ಆದರೆ ಬೆಳಗಿನ ಆಟ ಸೋತ ತಂಡಕ್ಕೆ ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಗೆದ್ದರೆ ಅದೇ ಸಂಜೆ ಇನ್ನೊಂದು ಆಟ. ಮರಳಿ ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ, ಆಡುವ ಹುಡುಗಿಯರ ಕೈಯಲ್ಲಿರುತ್ತದೆ. ನಮ್ಮ ಕಲಬುರಗಿಯಿಂದ ಬೀದರಿಗೆ 2017ರಿಂದ ರೈಲು ಓಡುತ್ತಿದೆ, ದಾರಿಯಲ್ಲಿ ಮರಗುತ್ತಿಯ ಸುರಂಗವೂ ಸಿಗುತ್ತದೆ. ನನಗೆ ಆ ದಾರಿ ಇಷ್ಟ. ಆದರೂ ಈ ಕೆಲಸಕ್ಕೆ ಬಸ್ಸೇ ವಾಸಿ, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.

ಆಡುವವಳು ನನ್ನ ಅಕ್ಕನ ಮಗಳು, ಎಂಜಿನಿಯರಿಂಗ್ ಕಾಲೇಜಿನ ತಂಡದ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದೆ ತಂದು ಆಟ ಕಟ್ಟುವವಳು. ಡಿಗ್ರಿ ಓದುವಾಗ ನಾನೂ ಆಡಿದವಳೇ. ಅಕ್ಕ ಮಾತ್ರ ಮಗಳ ಬೂಟಿನ ರೇಟು ಬಲ್ಲಳೇ ಹೊರತು ಆಟ ಕಂಡವಳಲ್ಲ. "ಈ ಸಲ ನಾನೂ ಬರ್ತೀನಿ, ಅಲ್ಲಿ ಹೋಗಿ ಏನ್ ಮಾಡ್ತಾಳ ನೋಡೇ ಬಿಡ್ತೀನಿ" ಅಂದಳು. ಇಬ್ಬರೂ ಆಧಾರ್ ಕಾರ್ಡ್ ಹಿಡಿದು ನಸುಕಿನಲ್ಲೇ ಬಸ್ ಸ್ಟ್ಯಾಂಡಿಗೆ ಬಂದೆವು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥವರಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಮಗಳ ಆಟ ನೋಡಲು ಹೋಗುತ್ತೇನೆಂದು ಗಂಡನ ಹತ್ತಿರ ದುಡ್ಡು ಕೇಳುವ ಪ್ರಸಂಗ ತಪ್ಪಿದ್ದೇ ದೊಡ್ಡದು ಅನ್ನುವುದು ಅಕ್ಕನ ಲೆಕ್ಕ.

ಕಮಲಾಪುರದಲ್ಲಿ ಬಸ್ಸು ನಿಂತಾಗ ಅಕ್ಕ ಕಿಟಕಿಯಿಂದಲೇ ಚೌಕಾಸಿ ಮಾಡಿ ಕೆಂಪು ಬಾಳೆಹಣ್ಣು ಕೊಂಡಳು. ಭೌಗೋಳಿಕ ಸೂಚಕ ಸಿಕ್ಕ ಹಣ್ಣು, ಅದಕ್ಕೆ ತಕ್ಕ ರೇಟು. ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಅವು ನಮಗೆ. ಆಟಕ್ಕೆ ಮೊದಲು ಮಕ್ಕಳಿಗೆ ರೊಟ್ಟಿ ತಿನ್ನಿಸಲು ಹೋದರೆ ತಂಡದ ಕೋಚ್ ಆಗಿರುವ ಪಿಡಿ ಸರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟರ, ಕಣ್ಣು ಕೆಂಪಾಗುತ್ತದೆ, ಬಾಳೆಹಣ್ಣಿಗೆ ಅಡ್ಡಿಯಿಲ್ಲ. ಹುಮನಾಬಾದ ದಾಟಿ ಬೀದರ ಸಮೀಪಿಸುತ್ತಿದ್ದಂತೆ ನಮ್ಮ ಕಡೆಯ ಕರಿಮಣ್ಣು ಹೋಗಿ ನೆಲ ಕೆಂಪಾಗುತ್ತದೆ, ಗಾಳಿಯೂ ಒಂದಿಷ್ಟು ತಂಪು. ಆದರೆ ಸಿಮೆಂಟ್ ಕೋರ್ಟಿನ ಪಕ್ಕ ಕೂತವರಿಗೆ ಆ ತಂಪು ಹತ್ತು ಗಂಟೆಯವರೆಗೆ ಮಾತ್ರ. ಛತ್ರಿ ಬಿಚ್ಚಿದರೆ ಹಿಂದಿನವರು ಬೈಯುತ್ತಾರೆ. ಟೊಪ್ಪಿಗೆ ಇಲ್ಲವೇ ತೋಯಿಸಿದ ಟವೆಲ್ ಇರಲಿ.

ಎಲ್ಲಿ ಕೂಡಬೇಕು ಅನ್ನುವುದರಲ್ಲಿ ನಾನು ಹಟಮಾರಿ. ನಮ್ಮ ತಂಡದ ಬೆಂಚಿನ ಹಿಂದೆಯೇ, ಆದರೆ ಮಾತು ಕಿವಿಗೆ ಬೀಳದಷ್ಟು ದೂರ. ಮೊದಲರ್ಧದಲ್ಲಿ ತಂಡ ಕಾಯುವುದು ತನ್ನ ಬೆಂಚಿನ ಕಡೆಯ ರಿಂಗನ್ನು. ಅರ್ಧ ಮುಗಿದ ಮೇಲೆ ಕಡೆ ಬದಲಾಗಿ ಅದೇ ತಂಡದ ದಾಳಿಯೆಲ್ಲ ಆ ರಿಂಗಿನ ಮೇಲೆ ಬರುತ್ತದೆ. ಹೀಗಾಗಿ ಬಿಗಿಯಾದ ಕೊನೆಯ ಹತ್ತು ನಿಮಿಷದಲ್ಲಿ ನಮ್ಮವರ ಶಾಟ್‌ಗಳೆಲ್ಲ ನಮ್ಮ ಕಣ್ಣೆದುರಿಗೇ. ಆತಿಥೇಯ ಕಾಲೇಜಿನ ಹುಡುಗರಿಗೂ ಇದು ಗೊತ್ತು. ಸಂಜೆಯ ಆಟದಲ್ಲಿ ಎರಡನೇ ಅರ್ಧ ಶುರುವಾಗುತ್ತಲೇ ಅವರು ತಮಟೆ ಎತ್ತಿಕೊಂಡು ಇತ್ತ ಬಂದರು.

ಇನ್ನೊಂದು ನನ್ನ ರೂಢಿ, ಕಿಸೆಯ ಪುಸ್ತಕದಲ್ಲಿ ಫೌಲ್ ಬರೆದುಕೊಳ್ಳುವುದು. ಇಂಥ ಕೋರ್ಟುಗಳಲ್ಲಿ ರಟ್ಟಿನ ಅಂಕೆ ತಿರುವಿ ಸ್ಕೋರ್ ತೋರಿಸುತ್ತಾರೆ, ಫೌಲಿನ ಲೆಕ್ಕ ಟೇಬಲ್ಲಿನವರ ಹಾಳೆಯಲ್ಲೇ ಉಳಿಯುತ್ತದೆ. ಒಬ್ಬಳಿಗೆ ಐದು ಫೌಲ್ ಆದರೆ ಅವಳ ಆಟ ಮುಗಿಯಿತು. ಒಂದು ಕ್ವಾರ್ಟರಿನಲ್ಲಿ, ಅಂದರೆ ಆಟದ ಕಾಲುಭಾಗದಲ್ಲಿ, ತಂಡಕ್ಕೆ ನಾಲ್ಕು ಫೌಲ್ ಆದ ಮೇಲೆ, ಚೆಂಡು ತನ್ನ ತಂಡದ ಕೈಯಲ್ಲಿಲ್ಲದಾಗ ಮಾಡಿದ ಸಾದಾ ಫೌಲಿಗೂ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಗೆರೆಯ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ರಿಂಗಿಗೆ ಎಸೆಯುವ ಅವಕಾಶ, ಕೊಡಬೇಕು. ಇವೆರಡು ಅಂಕೆ ಗೊತ್ತಿದ್ದವರಿಗೆ ಕೋಚ್ ಯಾಕೆ ಒಳ್ಳೆಯ ಆಟಗಾರ್ತಿಯನ್ನೇ ಕರೆದು ಕೂರಿಸಿದರು ಅನ್ನುವುದು ತಾನಾಗಿ ತಿಳಿಯುತ್ತದೆ.

ಬೆಳಗಿನ ಆಟ ನಮ್ಮವರು ಸಲೀಸಾಗಿ ಗೆದ್ದರು. ಅದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಬಿಡುವಿನಲ್ಲಿ ನಾವಿಬ್ಬರೂ ಆಟೋ ಹಿಡಿದು ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ ಅಲ್ಲಿ ಎಲ್ಲರಿಗೂ ಪುಕ್ಕಟೆ ಊಟ ಹಾಕುವ ಲಂಗರಿನಲ್ಲಿ ಉಂಡೆವು. ತಲೆಯ ಮೇಲೆ ಸೆರಗು ಹೊದ್ದು ಸಾಲಿನಲ್ಲಿ ಕೂತರಾಯಿತು, ಯಾವ ಊರು, ಯಾರ ಪೈಕಿ ಅಂತ ಯಾರೂ ಕೇಳುವುದಿಲ್ಲ. ರೊಟ್ಟಿ ಚೀಲದಲ್ಲೇ ಉಳಿಯಿತು. 1472ರ ಮಹಮೂದ್ ಗವಾನನ ಮದರಸಾ ಹತ್ತಿರವೇ ಇತ್ತು. ಅಕ್ಕನಿಗೆ ತೋರಿಸುವ ಆಸೆಯಿತ್ತು, ಆಕೆಗೆ ಮಗಳ ಮೊಣಕಾಲಿನದೇ ಚಿಂತೆ.

ಸಂಜೆಯ ಎದುರಾಳಿ ಆತಿಥೇಯ ಕಾಲೇಜೇ. ಮೂರನೇ ಕ್ವಾರ್ಟರ್ ಅರ್ಧ ಆಗುವಷ್ಟರಲ್ಲಿ ನನ್ನ ಪುಸ್ತಕದಲ್ಲಿ ನಮ್ಮ ಹುಡುಗಿಯ ಹೆಸರಿನ ಮುಂದೆ ನಾಲ್ಕು ಗೀಟು. ಪಿಡಿ ಸರ್ ಕೂಡಲೇ ಆಕೆಯನ್ನು ಬದಲಿಸಿದರು. ಅಕ್ಕ ಎದ್ದೇ ನಿಂತಳು, "ಯಾಕ ಹೊರಗ ಹಾಕಿದ್ರು? ಏನ್ ತಪ್ಪು ಮಾಡಿದ್ಲು?" ಇದು ಶಿಕ್ಷೆ ಅಲ್ಲ, ಕೊನೆಯ ನಿಮಿಷಗಳಿಗೆ ಅವಳನ್ನು ಉಳಿಸಿಕೊಳ್ಳುತ್ತಿದ್ದಾರೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಎದುರಿನವರು ಎರಡು ಬಾಸ್ಕೆಟ್ ಹಾಕಿದ್ದರು. ಪಕ್ಕದಲ್ಲಿದ್ದ ಬೀದರದ ಹೆಣ್ಣುಮಗಳೊಬ್ಬರು ಅಕ್ಕನಿಗೆ ನೀರಿನ ಬಾಟಲಿ ಕೊಟ್ಟು, "ಕೂಡ್ರಿ ಅಕ್ಕಾರ, ಮತ್ತ ಕರೀತಾರ" ಅಂದರು. ಅವರ ಮಗಳು ಆಚೆ ತಂಡದಲ್ಲಿದ್ದಳು.

ಕೊನೆಯ ಕ್ವಾರ್ಟರಿನಲ್ಲಿ ಕರೆದರು. ಅವಳು ಫ್ರೀ ಥ್ರೋ ಗೆರೆಗೆ ಬಂದಾಗ ರಿಂಗಿನ ಹಿಂದೆ ತಮಟೆ ಜೋರಾಯಿತು. ಕೂಗಿ ಹುರಿದುಂಬಿಸಬೇಕು ಅಂತ ಅಕ್ಕ ಬಾಯಿ ತೆರೆದಳು, ನಾನು ಕೈ ಒತ್ತಿದೆ. ನಮ್ಮವರು ಗುರಿ ಇಡುವಾಗ ನಾವು ಸುಮ್ಮನಿರಬೇಕು. ಗದ್ದಲ ಮಾಡಲು ಅವರಿದ್ದಾರೆ, ಅದಕ್ಕೆ ನಮ್ಮದೂ ಸೇರಿಸಿದರೆ ಹುಡುಗಿಗೇ ಭಾರ. ನಮ್ಮವರು ರಕ್ಷಣೆಗೆ ಇಳಿದಾಗ ಮಾತ್ರ ಗಂಟಲು ಹರಿಯುವಂತೆ ಕೂಗಬಹುದು, ಅಲ್ಲಿ ಕಾಲು ಸೋತಿರುತ್ತದೆ, ದನಿ ಬೇಕಾಗುತ್ತದೆ. ಎರಡರಲ್ಲಿ ಒಂದು ಬಿತ್ತು. ನಾಲ್ಕು ಅಂಕಗಳಿಂದ ಸೋತೆವು. ಆ ಕ್ವಾರ್ಟರಿನಲ್ಲಿ ನಮ್ಮವರು ಕೊಟ್ಟ ಫ್ರೀ ಥ್ರೋ ಲೆಕ್ಕ ಹಾಕಿದರೆ ಅಂತರ ಅಲ್ಲೇ ಇತ್ತು.

ಆಟ ಮುಗಿದ ಕೂಡಲೇ ಮಕ್ಕಳ ಹತ್ತಿರ ನುಗ್ಗಬಾರದು. ತಂಡ ಕೂತು ಮಾತಾಡಲಿ, ಅವರೇ ಬರುತ್ತಾರೆ. ಹುಡುಗಿ ಬಂದು, "ಚಿಗವ್ವ, ಆ ನಾಕನೇದು ಫೌಲ್ ಅಲ್ಲಲಾ?" ಅಂದಳು. ಫೌಲೇ ಆಗಿತ್ತು, ಹೌದು ಅಂದೆ. ಉಳಿದ ರೊಟ್ಟಿ, ಹಿಂಡಿಯನ್ನು ತಂಡದ ಗಾಡಿಗೆ ಕೊಟ್ಟು ನಾವು ಬಸ್ ಸ್ಟ್ಯಾಂಡಿಗೆ ನಡೆದೆವು. ಕಾಲೇಜಿನ ಗಾಡಿಯಲ್ಲಿ ಜಾಗ ಇದೆ ಬರ್ರಿ ಅಂತ ಕರೆದರೂ ಹತ್ತಬಾರದು. ಸೋತ ತಂಡಕ್ಕೆ ತಾಯಂದಿರಿಲ್ಲದ ಎರಡೂವರೆ ತಾಸು ಬೇಕಾಗುತ್ತದೆ.

ಹುಮನಾಬಾದಿನಲ್ಲಿ ಚಾ ಕುಡಿಯುವಾಗ ಅಕ್ಕ ನನ್ನ ಪುಸ್ತಕ ತಿರುವಿ ಹಾಕುತ್ತಿದ್ದಳು. "ಮುಂದಿನ ಸಲ ಈ ಗೀಟು ನಾನೇ ಹಾಕ್ತೀನಿ, ನೀ ಬರೇ ಆಟ ನೋಡು" ಅಂದಳು.