ಮೆಷಿನ್‌ಗೆ ಮಾತ್ರ ಸಾಲ ಕೇಳಬೇಡಿ

ತಿಪಟೂರಿನ ಹತ್ತಿರ ನಮ್ಮೂರು. ಮನೆ ಪಕ್ಕದ ಶೆಡ್ಡಿನಲ್ಲಿ ನನ್ನದೊಂದು ಕೊಬ್ಬರಿ ಎಣ್ಣೆ ಗಾಣ ಇದೆ. 2024ರಲ್ಲಿ ಶುರು ಮಾಡಿದ್ದು. ಸಂಘದ ಹೆಣ್ಣುಮಕ್ಕಳು ಬಂದು, "ಅಕ್ಕಾ, ನಿಂಗೆ ಲೋನ್ ಹೆಂಗೆ ಸಿಕ್ತು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಬ್ಯಾಂಕಿಗೆ ಹೋಗಬೇಡಿ. ಒಂದು ನೋಟ್‌ಬುಕ್ ಹಿಡಿದು ಕೂರಿ. ಏನು ಮಾಡ್ತೀರಿ, ದಿನಕ್ಕೆ ಎಷ್ಟು ಮಾಡ್ತೀರಿ, ಯಾರು ಕೊಳ್ಳುತ್ತಾರೆ, ದುಡ್ಡು ಯಾವಾಗ ಕೈಗೆ ಬರುತ್ತೆ ಅಂತ ನಿಮ್ಮ ಕೈಯಲ್ಲೇ ಬರೆಯಿರಿ. ನಾನು ಆ ಕೆಲಸ ಮಾಡದೆ ಒಬ್ಬ ಬ್ರೋಕರ್‌ಗೆ 8,000 ರೂಪಾಯಿ ಕೊಟ್ಟು ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿದೆ. ಬ್ಯಾಂಕಿನಲ್ಲಿ ಸಾಹೇಬರು ನಾಲ್ಕು ಪುಟ ತಿರುವಿ, "ಏನಮ್ಮಾ, ಇಷ್ಟು ಕಡಲೆಕಾಯಿ ಎಲ್ಲಿಂದ ತರ್ತೀಯಾ?" ಅಂದರು. ಬೇರೆ ಯಾರದೋ ಕಡಲೆಕಾಯಿ ಎಣ್ಣೆಯ ರಿಪೋರ್ಟಿಗೆ ನನ್ನ ಹೆಸರು ಹಾಕಿದ್ದ. ಅರ್ಜಿ ಅಲ್ಲೇ ವಾಪಸ್ ಬಂತು. ಆ 8,000 ನಾನು ಒಂದು ವರ್ಷ ಸಂಘದಲ್ಲಿ ಉಳಿಸಿದ್ದ ದುಡ್ಡು.

ಎರಡನೇ ಸಲ ಲೆಕ್ಕ ನಾನೇ ಹಾಕಿದೆ. ಹತ್ತು ಕೆ.ಜಿ. ಕೊಬ್ಬರಿ ಹಾಕಿದರೆ ಸುಮಾರು ಆರು ಕೆ.ಜಿ. ಎಣ್ಣೆ. ಉಳಿದ ಹಿಂಡಿಯನ್ನು ಹಸು ಸಾಕಿದವರು ಕೊಳ್ಳುತ್ತಾರೆ. ಕೊಬ್ಬರಿ ಆರಿಸುವುದು ನನಗೆ ಅತ್ತೆ ಕಲಿಸಿದ ವಿದ್ಯೆ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟಲೊಟ ಅನ್ನಬೇಕು. ಒಡೆದಾಗ ಕೌಟು ವಾಸನೆ ಬಂದರೆ ಅದು ಬೇಡ. ಇದನ್ನೂ ರಿಪೋರ್ಟಿನಲ್ಲಿ ಬರೆದೆ. ಕೆಲಸ ಗೊತ್ತಿರುವವಳು ಅಂತ ಬ್ಯಾಂಕಿನವರಿಗೆ ಅದರಿಂದಲೇ ಅನ್ನಿಸಿದ್ದು.

ಆದರೂ ಒಂದು ತಪ್ಪು ಮಾಡಿದೆ. ಗಾಣ, ಮೋಟರ್, ಫಿಲ್ಟರ್, ಬಾಟಲಿ ಇಷ್ಟಕ್ಕೇ ಸಾಲ ಕೇಳಿದೆ. ಕೊಬ್ಬರಿ ಕೊಳ್ಳಲು ದುಡ್ಡು ಬೇಕಲ್ವಾ? ದಿನಕ್ಕೆ 50 ಕೆ.ಜಿ., ಕೆ.ಜಿ.ಗೆ 100 ರೂಪಾಯಿ ಅಂದರೂ ತಿಂಗಳಿಗೆ ಒಂದೂವರೆ ಲಕ್ಷ. ರೈತರಿಗೆ ಅವತ್ತೇ ಕೊಡಬೇಕು. ಅಂಗಡಿಯವರು ನಮಗೆ ಕೊಡುವುದು ತಿಂಗಳ ಮೇಲೆ. 2025ರಲ್ಲಿ ಕೊಬ್ಬರಿ ಕೆ.ಜಿ.ಗೆ 200 ದಾಟಿತು. ಅದೇ ಕೆಲಸಕ್ಕೆ ಮೂರು ಲಕ್ಷ ಬೇಕಾಯಿತು. ಗಾಣ ಹನ್ನೊಂದು ದಿನ ಸುಮ್ನೆ ನಿಂತಿತ್ತು. ಕೊನೆಗೆ ಬಳೆ ಅಡವಿಟ್ಟೆ. ಅದಕ್ಕೇ ಹೇಳುತ್ತೇನೆ, ಎರಡು ತಿಂಗಳ ಮಾಲಿಗೆ, ಕರೆಂಟ್ ಬಿಲ್ಲಿಗೆ, ಕೂಲಿಗೆ ಬೇಕಾದ ವರ್ಕಿಂಗ್ ಕ್ಯಾಪಿಟಲ್ ಅನ್ನು ಮೊದಲ ಅರ್ಜಿ ಕೊಡುವಾಗಲೇ ಕೇಳಿ. ಆಮೇಲೆ ಕೇಳೋಣ ಅಂದುಕೊಂಡರೆ ಕಷ್ಟ.

ಇನ್ನು ಯೋಜನೆಗಳು. ತಿನ್ನುವ ಪದಾರ್ಥ ಮಾಡುವವರು ಪಿಎಂಎಫ್‌ಎಂಇ ಕೇಳಿ, ಸಣ್ಣ ಆಹಾರ ಘಟಕಗಳಿಗೆ ಇರುವ ಕೇಂದ್ರದ ಯೋಜನೆ ಅದು. ಅದರಲ್ಲಿ ಜಿಲ್ಲೆಗೊಂದು ಉತ್ಪನ್ನ ಅಂತ ಆರಿಸಿದ್ದಾರೆ, ನಮ್ಮ ತುಮಕೂರು ಜಿಲ್ಲೆಯದ್ದು ತೆಂಗು, ಕೋಲಾರದ್ದು ಟೊಮೆಟೊ. ಘಟಕದ ಅರ್ಹ ಖರ್ಚಿನಲ್ಲಿ ಕೇಂದ್ರದ ಸಹಾಯಧನ ಶೇ. 35. ನಮ್ಮ ರಾಜ್ಯ ಅದರ ಮೇಲೆ ಶೇ. 15 ಸೇರಿಸುತ್ತದೆ. ನಿಮ್ಮ ಕೈಯಿಂದ ಕನಿಷ್ಠ ಶೇ. 10 ಹಾಕಬೇಕು. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ, ಅವರೇ ರಿಪೋರ್ಟ್ ಬರೆದು ಬ್ಯಾಂಕಿನ ತನಕ ಓಡಾಡುತ್ತಾರೆ. ಅವರಿಗೆ ಸರ್ಕಾರವೇ ದುಡ್ಡು ಕೊಡುತ್ತದೆ, ನೀವು ಒಂದು ಪೈಸೆಯೂ ಕೊಡಬೇಕಿಲ್ಲ. ಇದು ಗೊತ್ತಿದ್ದರೆ ನನ್ನ 8,000 ಉಳಿಯುತ್ತಿತ್ತು. ಕೃಷಿ ಇಲಾಖೆ ಕಚೇರಿಯಲ್ಲಿ ಅವರ ನಂಬರ್ ಸಿಗುತ್ತದೆ. ಈಗ ಅರ್ಜಿ ತಗೊಳ್ತಿದ್ದಾರಾ ಅಂತಲೂ ಅಲ್ಲೇ ಕೇಳಿಕೊಳ್ಳಿ.

ಟೈಲರಿಂಗ್, ವೆಲ್ಡಿಂಗ್, ಅಂಥದ್ದಕ್ಕೆ ಪಿಎಂಇಜಿಪಿ ಅಂತ ಕೇಂದ್ರದ ಸ್ವಉದ್ಯೋಗ ಯೋಜನೆ. ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಹಳ್ಳಿಯ ಹೆಂಗಸರಿಗೆ ಶೇ. 35 ಸಹಾಯಧನ, ಕೈಯಿಂದ ಹಾಕುವುದು ಶೇ. 5 ಮಾತ್ರ. ಆದರೆ ಈ ಶೇ. 35 ಹೊಸ ಘಟಕಕ್ಕೆ ಮಾತ್ರ ಕೊಡುತ್ತಾರೆ, ಆಗಲೇ ನಡೆಯುತ್ತಿರುವುದಕ್ಕಲ್ಲ. ಸ್ವಲ್ಪ ದುಡ್ಡು ಸಾಕು ಅನ್ನುವವರಿಗೆ ಮುದ್ರಾ ಸಾಲ ಇದೆ. 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್. ಅಡಮಾನ ಕೇಳುವ ಹಾಗಿಲ್ಲ. ಹೆಂಗಸರಿಗೆ ರಾಜ್ಯದ್ದೇ ಉದ್ಯೋಗಿನಿ ಸಾಲ ಯೋಜನೆ ಇದೆ, ಅದರ ಬಗ್ಗೆ ನಿಮ್ಮ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿ.

ಸಬ್ಸಿಡಿ ಅಂದರೆ ಕೈಗೆ ಬರುವ ದುಡ್ಡು ಅಂದುಕೊಂಡು ಸಾಲ ಮಾಡಬೇಡಿ. ಈ ಪಿಎಂಎಫ್‌ಎಂಇ, ಪಿಎಂಇಜಿಪಿ ಎರಡರಲ್ಲೂ ಅದು ಬ್ಯಾಂಕಿನಲ್ಲೇ ಮೂರು ವರ್ಷ ನಿಂತಿರುತ್ತದೆ. ನೀವು ಕಂತು ಸರಿಯಾಗಿ ಕಟ್ಟಿದರೆ ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ.

ಕಲಿಯಲು ದುಡ್ಡು ಬೇಕಿಲ್ಲ. ಬ್ಯಾಂಕುಗಳೇ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಎಲ್ಲ ಉಚಿತ. ತೆಂಗಿನ ಕೆಲಸಕ್ಕೆ ನಮಗೆ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ. ಎಲ್ಲಕ್ಕಿಂತ ಜಾಸ್ತಿ, ಬೇರೆ ತಾಲ್ಲೂಕಿನಲ್ಲಿ ಇದೇ ಕೆಲಸ ಮಾಡುವವರ ಹತ್ತಿರ ಒಂದು ದಿನ ಇದ್ದು ನೋಡಿ. ಪಕ್ಕದೂರಿನವರು ಹೇಳಲು ಹಿಂದೆಮುಂದೆ ನೋಡಬಹುದು, ದೂರದವರು ಮನಸ್ಸು ಬಿಚ್ಚಿ ಹೇಳುತ್ತಾರೆ.

ಕಾಗದಪತ್ರ ಬೇಗ ಮುಗಿಯುತ್ತದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಉಚಿತ. ನಾನು ಮಾಡಿಸಿದಾಗ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಹಳೇ ಸಾಲ ಹೆಂಗೆ ಕಟ್ಟಿದ್ದೀರಿ ಅಂತ ತೋರಿಸುವ ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ನೋಡಬಹುದು, ಅರ್ಜಿಗೆ ಮೊದಲೇ ನೋಡಿಬಿಡಿ.

ಬ್ಯಾಂಕಿಗೆ ಹೋಗುವ ದಿನ ನೋಟ್‌ಬುಕ್ ಜೊತೆಗೆ ನಿಮ್ಮ ಮಾಲಿನ ಒಂದು ಸ್ಯಾಂಪಲ್ ಇರಲಿ. ಅರ್ಜಿಯ ಜೆರಾಕ್ಸ್ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಗಲ್ಲ ಅಂದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಆ ಕಾಗದ ಹಿಡಿದು ತುಮಕೂರಿನಲ್ಲಿ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ, ಜಿಲ್ಲೆಯ ಬ್ಯಾಂಕುಗಳ ಸಾಲದ ಕೆಲಸ ನೋಡಿಕೊಳ್ಳುವವರು ಅವರು.